ಅವ್ವ ನನ್ನ ತಾಯಿಯಲ್ಲ ಎಂದು ಬರೆದುಕೊಟ್ಟದ್ದು

ನನಗೆ ಇಬ್ಬರು ತಾಯಂದಿರು. ಸಾತನೂರಿನ ಕಡೆ ಈ ಮಾತು ಹೇಳಿದರೆ ಯಾರೂ ಕೈಯಲ್ಲಿನ ಕೆಲಸ ಬಿಟ್ಟು ತಿರುಗಿ ನೋಡುವುದಿಲ್ಲ. ನಮ್ಮ ಬೀದಿಯಲ್ಲೇ ಹೀಗೆ ಬೆಳೆದವರು ಇನ್ನೂ ಮೂವರಿದ್ದಾರೆ. ಹೆತ್ತವಳನ್ನು ನಾನು ಅಮ್ಮ ಎನ್ನುತ್ತೇನೆ. ಸಾಕಿದವಳು ಅವ್ವ, ಅಂದರೆ ನನ್ನ ದೊಡ್ಡಪ್ಪನ ಹೆಂಡತಿ. ಅವಳಿಗೆ ಮಕ್ಕಳಾಗಲಿಲ್ಲ. ನಾನು ಮೂರು ತಿಂಗಳ ಕೂಸಾಗಿದ್ದಾಗ ಅಮ್ಮ ಕಾಮಾಲೆಯಾಗಿ ತವರಿಗೆ ಹೋಗಿ ಮಲಗಿದಳಂತೆ. ಅವ್ವ ನನ್ನನ್ನು ತನ್ನ ಮಗ್ಗುಲಿಗೆ ಹಾಕಿಕೊಂಡಳು. ಅಮ್ಮ ಹುಷಾರಾಗಿ ವಾಪಸು ಬಂದಾಗ ನಾನು ಅವಳ ಗುರುತು ಸಿಗದೆ ಕಿಟಾರನೆ ಕಿರುಚಿಕೊಂಡೆನಂತೆ. "ಇರ್ಲಿ ಬುಡಕ್ಕ, ನಿನ್ ತಾವೇ ಇರ್ಲಿ" ಎಂದು ಅಮ್ಮ ಅಂದಳು. ಅಷ್ಟೇ ನಡೆದದ್ದು. ಒಂದೇ ಮನೆ, ಒಂದೇ ಒಲೆ, ಎರಡು ಕೋಣೆಗಳ ನಡುವೆ ಒಂದು ಗೋಡೆ. ಶಾಸ್ತ್ರವಿಲ್ಲ, ಪಂಚಾಯ್ತಿಯಿಲ್ಲ, ಕಾಗದವಿಲ್ಲ.

ಶಾಲೆಗೆ ಸೇರಿಸುವ ದಿನ ಅಪ್ಪ ತಾಯಿಯ ಹೆಸರಿನ ಜಾಗದಲ್ಲಿ ಅಮ್ಮನ ಹೆಸರು ಬರೆಸಿದ, ಯಾಕೆಂದರೆ ಜನನ ಪತ್ರದಲ್ಲಿ ಅದೇ ಇತ್ತು. ಅಲ್ಲಿಂದ ಎಲ್ಲ ಕಾಗದಗಳಲ್ಲೂ ಅದೇ ಹೆಸರು ನಡೆದುಕೊಂಡು ಬಂತು. ಹೈಸ್ಕೂಲಿನಲ್ಲಿ ನನಗೆ ಸ್ವಲ್ಪ ಬುದ್ಧಿ ಬಲಿತ ಮೇಲೆ, ಇದರಿಂದ ನಿನಗೆ ಬೇಜಾರಾಯಿತೇ ಎಂದು ಅವ್ವನನ್ನೇ ಕೇಳಿದ್ದೆ. ಅವಳು ನನ್ನ ಜಡೆ ಹೆಣೆಯುತ್ತಿದ್ದಳು. ಜಡೆಯನ್ನು ಒಂದು ಸಲ ಜಗ್ಗಿ, "ಹೆಸ್ರು ಮಡೀಕಂಡು ಉಪ್ಪಿನ್ಕಾಯ್ ಹಾಕನಾ? ಸುಮ್ಕೆ ಕೂತ್ಕ" ಎಂದಳು.

ಅವ್ವ ಕಟ್ಟುನಿಟ್ಟಿನ ಹೆಂಗಸು. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರು ಇರುತ್ತಿತ್ತು, ಅದರಲ್ಲಿ ಕಾಲು ಅದ್ದದೆ ಯಾರೂ ಒಳಗೆ ಹೋಗುವಂತಿರಲಿಲ್ಲ. ಬೀಡಿ ಸೇದಿ ಬಂದವರಿಗೆ, ಪೌಡರ್ ಹಾಕಿ ಬಂದವರಿಗೆ ಹೊಸಿಲಲ್ಲೇ ತಡೆ. ನನ್ನ ಸೋದರಮಾವ ಒಮ್ಮೆ ಸೆಂಟು ಹೊಡೆದುಕೊಂಡು ಬಂದು, ನೆಂಟನೆಂಬ ಮರ್ಯಾದೆಯೂ ಇಲ್ಲದೆ ಬೈಸಿಕೊಂಡ. ಹುಳ ಹಣ್ಣಾಗಿ, ಗೂಡು ಕಟ್ಟಲೆಂದು ಅವನ್ನು ಬಿದಿರಿನ ಚಂದ್ರಿಕೆಗೆ ಬಿಡುವ ದಿನಗಳಲ್ಲಿ ಮನೆಯವರು ಯಾರೂ ಊರು ಬಿಡುವಂತಿರಲಿಲ್ಲ, ಮದುವೆಯಿರಲಿ ಮುಂಜಿಯಿರಲಿ. ಆದ್ದರಿಂದ ಪರದೇಶಕ್ಕೆ ಹೋಗಿ ಅಲ್ಲಿನ ನಿಯಮ ಕಂಡು ಹಳ್ಳಿ ಹುಡುಗಿ ಬೆದರಿದಳು ಎಂದು ಯಾರೂ ತಿಳಿಯಬಾರದು. ನಿಯಮದ ಕೈತುತ್ತು ತಿಂದೇ ಬೆಳೆದವಳು ನಾನು.

ಆಹಾರ ವಿಜ್ಞಾನದ ಒಂದು ವರ್ಷದ ಓದಿಗೆ ನಾನು ಇಂಗ್ಲೆಂಡಿನ ಉತ್ತರದ ಒಂದು ಊರಿಗೆ ಹೋದೆ. ಕನಕಪುರದಲ್ಲಿ ಪಿಯುಸಿ, ಬೆಂಗಳೂರಿನಲ್ಲಿ ಡಿಗ್ರಿ ಮುಗಿಸಿದ್ದವಳಿಗೆ ಅದು ದೊಡ್ಡ ಹೆಜ್ಜೆಯೇ. ಹೊರಡುವ ದಿನ ಅವ್ವ ಹುರಿದು ಬೀಸಿದ ರಾಗಿ ಹಿಟ್ಟನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಕೊಟ್ಟಳು. ಅಲ್ಲಿ ಹಾಸ್ಟೆಲಿನ ಅಡುಗೆಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗೂಡು, ಅದರ ಮೇಲೆ ನಂಬರು. ಎರಡನೇ ದಿನವೇ ನಾನು ಆ ಚೀಲವನ್ನು ಪಕ್ಕದ ಗೂಡಿನಲ್ಲಿ ಇಟ್ಟುಬಿಟ್ಟಿದ್ದೆ. ಸಂಜೆ ಬಂದು ನೋಡಿದರೆ ಚೀಲ ಕಸದ ಡಬ್ಬಿಯಲ್ಲಿತ್ತು. ನನ್ನ ಗೂಡಿಗೆ ಒಂದು ಚೀಟಿ ಅಂಟಿಸಿತ್ತು: ನಿಯಮ ಪಾಲಿಸಿದ್ದಕ್ಕೆ ಧನ್ಯವಾದಗಳು. ಪಾಲಿಸದವಳಿಗೆ ಪಾಲಿಸಿದ್ದಕ್ಕೆ ಧನ್ಯವಾದ ಹೇಳುವ ಆ ರೀತಿ ನನ್ನ ಮೈ ಉರಿಸಿತು. ಚೀಲವನ್ನು ಎತ್ತಿ, ಮೇಲಿನ ಹಿಟ್ಟು ತೆಗೆದು ಬಿಸಾಡಿ, ಒಳಗಿನ ಹಿಟ್ಟಿನಲ್ಲಿ ಅಂಬಲಿ ಮಾಡಿಕೊಂಡು ಕುಡಿದೆ. ಯಾರಿಗೂ ಹೇಳಲಿಲ್ಲ.

ಪ್ರಯೋಗಶಾಲೆಯ ಬಾಗಿಲು ಒಂಬತ್ತಕ್ಕೆ ಮುಚ್ಚುತ್ತಿತ್ತು. ಹಿಮ ಬಿದ್ದ ಒಂದು ದಿನ ಬಸ್ಸು ತಡವಾಗಿ ನಾನು ಒಂಬತ್ತೂ ಎರಡಕ್ಕೆ ಹೋದೆ. ಬಾಗಿಲು ಗಾಜಿನದು. ಒಳಗಿದ್ದ ಮೇಷ್ಟ್ರು ನನ್ನನ್ನು ನೋಡಿದರು, ಗೋಡೆಯ ಗಡಿಯಾರದ ಕಡೆ ಬೆರಳು ತೋರಿಸಿದರು, ಪಾಠ ಮುಂದುವರಿಸಿದರು. ನಾನು ಒದ್ದೆ ಬೂಟಿನಲ್ಲಿ ಎರಡು ಗಂಟೆ ಹೊರಗೆ ಕೂತಿದ್ದೆ. ನಮ್ಮ ಅವ್ವನೂ ಹೊಸಿಲಲ್ಲಿ ಜನರನ್ನು ತಡೆಯುತ್ತಿದ್ದಳು, ನಿಜ. ಆದರೆ ತಡೆದವರಿಗೆ ಜಗಲಿಯ ಮೇಲೆ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಊರಿನ ಸುದ್ದಿಯೆಲ್ಲ ವಿಚಾರಿಸಿ ಕಳಿಸುತ್ತಿದ್ದಳು. ಇವನ್ನೆಲ್ಲ ನಾನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಓದಲು ಬಂದವಳು ಓದಿ ಹೋದರಾಯಿತು ಎಂದುಕೊಂಡೆ.

ಫೆಬ್ರವರಿಯ ಒಂದು ಸೋಮವಾರ ಬೆಳಗ್ಗೆ ಕ್ಲಾಸಿಗೆ ನಡೆದು ಹೋಗುತ್ತಿದ್ದಾಗ ಅಪ್ಪನ ಫೋನು ಬಂತು.

"ಅತ್ತಿಗೆ ಹೋಗ್ಬುಟ್ರು ಕಣವ್ವ" ಎಂದ.

ನಾನು ಎಲ್ಲಿಗೆ ಎಂದು ಕೇಳಿದೆ. ಈಗ ನೆನೆದರೆ ಆ ಪ್ರಶ್ನೆಗೆ ನಾಚಿಕೆಯಾಗುತ್ತದೆ.

"ಸೊಪ್ಪು ಕುಯ್ಕಂಡ್ ಬಂದು ಜಗ್ಲಿ ಮ್ಯಾಲೆ ಕೂತವ್ರೆ. ಒಸಿ ನೀರ್ ಕೊಡಿ ಅಂದವ್ರೆ. ನಿಮ್ಮಮ್ಮ ನೀರ್ ತರೋ ಹೊತ್ಗೆ ಇಲ್ಲ."

ನಮ್ಮ ಕಡೆ ಹೆಣವನ್ನು ಮಗಳಿಗಾಗಿ ಎರಡು ದಿನ ಇಟ್ಟುಕೊಂಡು ಕೂರುವುದಿಲ್ಲ. ಅಂದೇ ಸಂಜೆಗೆ ಮುಂಚೆ ಹೊಲದಲ್ಲಿ, ಮೊದಲೇ ತೀರಿಕೊಂಡಿದ್ದ ದೊಡ್ಡಪ್ಪನ ಸಮಾಧಿ ಗುಡ್ಡೆಯ ಪಕ್ಕದಲ್ಲಿ ಮಣ್ಣು ಮಾಡಿದರು. ಮುಖ ನೋಡುವುದಂತೂ ತಪ್ಪಿತು. ಹನ್ನೊಂದನೇ ದಿನದ ತಿಥಿಗಾದರೂ ಹೋಗಬೇಕು ಎಂದು ನಾನು ನಿಂತ ಕಾಲಲ್ಲೇ ನಿರ್ಧರಿಸಿದೆ. ಅಡ್ಡಿ ಇದ್ದದ್ದು ಒಂದೇ. ಆ ಹನ್ನೊಂದು ದಿನಗಳ ಒಳಗೆ ಒಂದು ಪರೀಕ್ಷೆಯಿತ್ತು. ಅನುಮತಿಯಿಲ್ಲದೆ ತಪ್ಪಿಸಿಕೊಂಡರೆ ಸೊನ್ನೆ, ಸೊನ್ನೆಯಾದರೆ ಓದು ಮುಂದುವರಿಯುವುದಿಲ್ಲ, ಓದು ನಿಂತರೆ ವೀಸಾ ಇಲ್ಲ.

ವಿದ್ಯಾರ್ಥಿಗಳ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ಬೂದು ಸ್ವೆಟರಿನ, ಸಣ್ಣ ದನಿಯ ಹೆಂಗಸು, ಮುಖದಲ್ಲಿ ಯಾವಾಗಲೂ ಒಂದು ಸಣ್ಣ ನಗು. ಅವರು ಒಂದು ಅರ್ಜಿ ಕೊಟ್ಟರು. ತೀರಿಕೊಂಡವರು ನಿಮಗೆ ಏನಾಗಬೇಕು ಎಂಬಲ್ಲಿ ನಾಲ್ಕು ಚೌಕಗಳು: ತಂದೆ ಅಥವಾ ತಾಯಿ, ಗಂಡ ಅಥವಾ ಹೆಂಡತಿ, ಮಗು, ಒಡಹುಟ್ಟು. ಕೆಳಗೆ ಸಣ್ಣ ಅಕ್ಷರಗಳಲ್ಲಿ, ಅಜ್ಜ, ಅಜ್ಜಿ, ಚಿಕ್ಕಪ್ಪ, ದೊಡ್ಡಮ್ಮ ಇತ್ಯಾದಿ ಬಂಧುಗಳಿಗೆ ಒಂದು ದಿನದ ರಜೆ ಮಾತ್ರ, ಪರೀಕ್ಷೆ ಮುಂದೂಡುವುದಿಲ್ಲ ಎಂದಿತ್ತು. ನಾನು ಅದನ್ನು ಓದಿದೆ. ಓದದೆ ಗುರುತು ಹಾಕಿದೆ ಎಂದು ಈಗ ಹೇಳಿದರೆ ಅದು ಸುಳ್ಳು. ಓದಿಯೇ ಮೊದಲನೆಯ ಚೌಕದಲ್ಲಿ ಗುರುತು ಹಾಕಿದೆ. ಕೈ ಒಂದು ಗಳಿಗೆಯೂ ಅನುಮಾನಿಸಲಿಲ್ಲ. ಸತ್ತದ್ದು ನನ್ನ ತಾಯಿ.

ಎರಡು ಗಂಟೆಯಲ್ಲಿ ಅನುಮತಿ ಸಿಕ್ಕಿತು. ವಾಪಸು ಬಂದ ಮೇಲೆ ಮರಣ ಪತ್ರ ಕೊಡಬೇಕು ಎಂದರು. ತಾಯಿಯನ್ನು ಕಳೆದುಕೊಂಡದ್ದಕ್ಕೆ ತಮಗೆ ತುಂಬ ದುಃಖವಾಗಿದೆ ಎಂದೂ ಹೇಳಿದರು. ನಾನು ಅವರ ಕೈ ಹಿಡಿದುಕೊಂಡು ಥ್ಯಾಂಕ್ಸ್ ಹೇಳಿದೆ.

ತಿಥಿಯ ದಿನ ಎಡೆ ಇಡುವ ಹೊತ್ತಿಗೆ ನೆಂಟರೆಲ್ಲ ಹೊಲದಲ್ಲಿ ಸೇರಿದ್ದರು. ಮುದ್ದೆ, ಸಾರು, ಬಾಡು, ಎಲೆಯಡಿಕೆ ಎಲ್ಲ ಇತ್ತು. ಅವ್ವನಿಗೆ ಕನಕಪುರ ಬಸ್‌ಸ್ಟ್ಯಾಂಡಿನ ಎದುರಿನ ಬೇಕರಿಯ ಖಾರದ ಬನ್ನು ಎಂದರೆ ಪ್ರಾಣ. ನಾನು ಅದನ್ನೂ ಎರಡು ತಂದಿದ್ದೆ. ಊರಿನ ಹಿರಿಯರೊಬ್ಬರು, "ಮಗ್ಳು ಮೊದ್ಲು ಇಕ್ಲಿ, ಜಾಗ ಬುಡ್ರಪ್ಪ" ಎಂದರು. ಸಾಲಿನಲ್ಲಿ ಮುಂದೆ ನಿಂತಿದ್ದವರೆಲ್ಲ ಸರಿದರು. ಅಮ್ಮನೂ ಸೆರಗು ಒತ್ತಿಕೊಂಡು ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟಳು. ನಾನು ಬನ್ನು ಮುರಿದು ಗುಡ್ಡೆಯ ಮೇಲಿಟ್ಟು ಕೈ ಮುಗಿದೆ. ಅಷ್ಟು ಜನರಲ್ಲಿ ಯಾರಿಗೂ ನಾನು ಯಾರ ಮಗಳು ಎಂಬ ಅನುಮಾನ ಬರಲಿಲ್ಲ.

ಪಂಚಾಯ್ತಿಯಿಂದ ಮರಣ ಪತ್ರ ತೆಗೆದುಕೊಂಡು, ಕನಕಪುರದಲ್ಲಿ ಇಂಗ್ಲಿಷಿಗೆ ಅನುವಾದ ಮಾಡಿಸಿ, ನಾನು ವಾಪಸು ಹೋಗಿ ಕಚೇರಿಗೆ ಕೊಟ್ಟೆ. ಎರಡು ವಾರದ ಮೇಲೆ ಒಂದು ಮೇಲ್ ಬಂತು. ಮರಣ ಪತ್ರದಲ್ಲಿರುವ ಹೆಸರಿಗೂ ನಿಮ್ಮ ಪ್ರವೇಶದ ಅರ್ಜಿಯಲ್ಲಿರುವ ತಾಯಿಯ ಹೆಸರಿಗೂ ಹೊಂದಾಣಿಕೆಯಿಲ್ಲ, ಸುಳ್ಳು ಮಾಹಿತಿ ಕೊಟ್ಟಿರುವ ಶಂಕೆಯಿದೆ, ವಿಚಾರಣೆಗೆ ಬನ್ನಿ.

ವಿಚಾರಣೆಯ ಕೋಣೆಯಲ್ಲಿ ಮೂವರಿದ್ದರು. ಬೂದು ಸ್ವೆಟರಿನ ಅಧಿಕಾರಿ, ನಮ್ಮ ವಿಭಾಗದ ಮುಖ್ಯಸ್ಥರು, ಮಾತೆಲ್ಲ ಬರೆದುಕೊಳ್ಳುವ ಒಬ್ಬರು. ನನ್ನ ಮುಂದೆ ಒಂದು ಲೋಟ ನೀರಿಟ್ಟಿದ್ದರು.

"ತೀರಿಕೊಂಡವರು ನಿಮ್ಮ ತಾಯಿಯೇ?" ಎಂದು ಅಧಿಕಾರಿ ಕೇಳಿದರು.

"ಹೌದು."

"ಅರ್ಜಿಯಲ್ಲಿ ಹೆಸರಿರುವವರು?"

"ಅವರೂ ನನ್ನ ತಾಯಿಯೇ."

"ನಿಮ್ಮನ್ನು ಹೆತ್ತವರು ಯಾರು?"

ಹೇಳಿದೆ. ಮೂರು ತಿಂಗಳ ಕೂಸಿನ ಕತೆಯನ್ನೂ ಹೇಳಿದೆ. ಮುಖ್ಯಸ್ಥರು ತಲೆಯಾಡಿಸುತ್ತ ಕೇಳಿದರು. ಅಧಿಕಾರಿ ಕೇಳಿ ಮುಗಿಸಿ, ದತ್ತು ಪತ್ರವಿದೆಯೇ ಎಂದರು. ಇಲ್ಲ ಎಂದೆ. ಕೋರ್ಟಿನ ಆದೇಶ? ಇಲ್ಲ. ಹಾಗಾದರೆ ಅವರು ನಿಮ್ಮ ತಂದೆಯ ಅಣ್ಣನ ಹೆಂಡತಿ ಮಾತ್ರ, ನಮ್ಮ ಪಟ್ಟಿಯಲ್ಲಿ ಒಂದು ದಿನದ ಬಂಧು ಎಂದರು. ಅವರು ಕೆಟ್ಟವರಲ್ಲ, ತಮ್ಮ ಕೆಲಸ ಮಾಡಿದರು ಎಂದು ಇಲ್ಲಿ ಬರೆಯಬೇಕೆಂದು ನಾನು ತುಂಬ ಪ್ರಯತ್ನಪಟ್ಟೆ. ಬರೆಯಲು ಮನಸ್ಸು ಬರುತ್ತಿಲ್ಲ. ಒಂದು ದಿನದ ಬಂಧು ಎನ್ನುವಾಗಲೂ ಆ ಸಣ್ಣ ನಗು ಅವರ ಮುಖದಲ್ಲಿ ಹಾಗೇ ಇತ್ತು.

ಸಂಬಂಧಕ್ಕೆ ಏನಾದರೂ ದಾಖಲೆಯಿದ್ದರೆ ಹತ್ತು ದಿನದಲ್ಲಿ ತನ್ನಿ ಎಂದು ಮುಖ್ಯಸ್ಥರು ಗಡುವು ಕೊಟ್ಟರು. ನಾನು ಅಪ್ಪನಿಗೆ ಫೋನು ಮಾಡಿದೆ.

"ಅಷ್ಟೇ ತಾನೆ? ಅಫಿಡವಿಟ್ ಮಾಡ್ಸಿ ಕಳುಸ್ತೀನಿ ಇರು" ಎಂದ ಅಪ್ಪ. "ನಿಮ್ಮಮ್ಮನ ಕೈಲೇ ಸೈನ್ ಹಾಕುಸ್ತೀನಿ. ಹೆತ್ತೋಳೇ ಹೇಳಿದ್ ಮ್ಯಾಲೆ ಇನ್ ಯಾವನ್ ಕೇಳಾನು?"

ನನಗೂ ಅದು ಸರಿ ಅನ್ನಿಸಿತು. ನಮ್ಮ ಕಡೆ ಅಫಿಡವಿಟ್ಟಿಗೆ ಬಗೆಹರಿಯದ ತೊಡಕು ಯಾವುದೂ ಇಲ್ಲ. ಹೆಸರಿನಲ್ಲಿ ಒಂದಕ್ಷರ ಹೆಚ್ಚಾಗಲಿ, ರೇಷನ್ ಕಾರ್ಡು ಕಳೆಯಲಿ, ಪಹಣಿಯಲ್ಲಿ ಅಜ್ಜನ ಹೆಸರು ತಪ್ಪಾಗಲಿ, ಕೋರ್ಟಿನ ಎದುರು ಕೂತ ಟೈಪಿಸ್ಟನ ಹತ್ತಿರ ಹೋದರಾಯಿತು. ಛಾಪಾ ಕಾಗದದ ಮೇಲೆ ನೋಟರಿಯ ಕೆಂಪು ಸೀಲು ಬಿದ್ದ ಮೇಲೆ ಅದು ಸತ್ಯ. ಯಾವ ಕಚೇರಿಯೂ ಅದನ್ನು ತಿರುಗಿಸಿ ಕೇಳಿದ್ದನ್ನು ನಾನು ಕಂಡಿರಲಿಲ್ಲ.

ಒಂದು ವಾರದಲ್ಲಿ ಕಾಗದ ಬಂತು. ಏಳನೇ ಕ್ಲಾಸಿನವರೆಗೆ ಓದಿದ ಅಮ್ಮ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದ್ದಳು. ಟೈಪಿಸ್ಟ್ ತನಗೆ ಗೊತ್ತಿದ್ದ ಕೋರ್ಟಿನ ಭಾಷೆಯನ್ನೆಲ್ಲ ಸುರಿದಿದ್ದ. ಸದರಿ ಮಗಳನ್ನು ತಾನು ಹೆತ್ತಿದ್ದರೂ ಮೂರನೇ ತಿಂಗಳಿನಿಂದ ಆಕೆ ತನ್ನ ವಾರಗಿತ್ತಿಯ ಮಗಳೇ ಆಗಿರುತ್ತಾಳೆಂದೂ, ತಾನು ಆಕೆಗೆ ತಾಯಿಯಲ್ಲವೆಂದೂ, ತಾಯಿಯ ಹಕ್ಕು ತನಗೆ ಹಿಂದೆಯೂ ಇರಲಿಲ್ಲ, ಮುಂದೆಯೂ ಇರುವುದಿಲ್ಲವೆಂದೂ ಪ್ರಮಾಣ ಮಾಡಿ ಬರೆದುಕೊಟ್ಟಿದ್ದಳು. ಗೆದ್ದೆ ಎಂದುಕೊಂಡು ಅದನ್ನು ಇಂಗ್ಲಿಷಿನಲ್ಲಿ ಬರೆಸಿ ಕೊಟ್ಟೆ.

ಎರಡನೇ ವಿಚಾರಣೆಯಲ್ಲಿ ಅಧಿಕಾರಿ ಆ ಕಾಗದದ ತಾರೀಕಿನ ಮೇಲೆ ಪೆನ್ನಿಟ್ಟರು. ಸತ್ತವರು ಸತ್ತು ಒಂದೂವರೆ ತಿಂಗಳಾದ ಮೇಲೆ, ವಿಚಾರಣೆ ಶುರುವಾದ ಮೇಲೆ ಮಾಡಿಸಿದ್ದು ಎಂದರು. ಆಮೇಲೆ ಕೇಳಿದರು, "ಇವರು ತಾವು ನಿಮ್ಮ ತಾಯಿಯಲ್ಲ ಎನ್ನುತ್ತಿದ್ದಾರೆ. ಹಾಗಾದರೆ ಪ್ರವೇಶದ ಅರ್ಜಿಯಲ್ಲಿ ಇವರ ಹೆಸರನ್ನು ತಾಯಿ ಎಂದು ಕೊಟ್ಟಿದ್ದೂ ಸುಳ್ಳೇ?"

ಒಂದು ಸುಳ್ಳಿನ ಆಪಾದನೆ ತೊಳೆಯಲು ಹೋಗಿ ಎರಡು ಮಾಡಿಕೊಂಡಿದ್ದೆ. ನಮ್ಮಮ್ಮ ಸೀರೆ ಬದಲಾಯಿಸಿ, ಬಸ್ಸು ಹತ್ತಿ ಹೋಗಿ, ಕೋರ್ಟಿನ ಮುಂದೆ ಬಿಸಿಲಲ್ಲಿ ಕಾದು ಬರೆಸಿದ್ದ ಕಾಗದ ನನ್ನ ವಿರುದ್ಧದ ಸಾಕ್ಷಿಯಾಗಿ ಫೈಲು ಸೇರಿತು.

ಮುಖ್ಯಸ್ಥರು ಅಧಿಕಾರಿಯ ಜೊತೆ ಮೆಲ್ಲಗೆ ಏನೋ ಮಾತಾಡಿದರು. ಕೊನೆಗೆ ನನ್ನ ಮುಂದೆ ಮೊದಲೇ ಅಚ್ಚುಮಾಡಿದ ಒಂದು ಹಾಳೆ ಇಟ್ಟರು. ಅದರಲ್ಲಿ ಹೀಗಿತ್ತು: ತೀರಿಕೊಂಡವರು ನನ್ನ ತಾಯಿಯಲ್ಲ. ಅವರು ನನ್ನ ತಂದೆಯ ಅಣ್ಣನ ಹೆಂಡತಿ. ಅವರನ್ನು ತಾಯಿ ಎಂದು ಹೇಳಿದ್ದು ಸತ್ಯಕ್ಕೆ ದೂರವಾದದ್ದು, ಅದಕ್ಕೆ ವಿಷಾದಿಸುತ್ತೇನೆ. ಇದಕ್ಕೆ ಸಹಿ ಹಾಕಿದರೆ ಒಂದು ಎಚ್ಚರಿಕೆ ಕೊಟ್ಟು, ಬೇಸಿಗೆಯಲ್ಲಿ ಪರೀಕ್ಷೆ ಬರೆಯಲು ಬಿಡುತ್ತೇವೆ. ಹಾಕದಿದ್ದರೆ ಪ್ರವೇಶ ರದ್ದು. ನಾಳೆ ನಾಲ್ಕು ಗಂಟೆಯೊಳಗೆ ತಿಳಿಸಿ ಎಂದರು.

ಮಾರನೆಯ ದಿನ ಬೆಳಗ್ಗೆಯೆಲ್ಲ ಆ ಊರಿನ ನದಿಯ ದಂಡೆಯಲ್ಲಿ ನಡೆದೆ. ಸಹಿ ಹಾಕದೆ ಗಂಟುಮೂಟೆ ಕಟ್ಟಿ ಹೊರಟುಬಿಡಲೇ ಎಂದು ಹತ್ತು ಸಲ ಅನ್ನಿಸಿತು. ಆದರೆ ಊರಿನ ಮುಂದೆ ಹೋಗಿ ಏನೆಂದು ಹೇಳುವುದು? ಸುಳ್ಳು ಹೇಳಿದಳೆಂದು ಓಡಿಸಿದರು ಎಂದೇ? ಅವ್ವ ಇದ್ದಿದ್ದರೆ ಏನನ್ನುತ್ತಿದ್ದಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೀಚಿ ಬಿಸಾಕಿ ಓದು ಮುಗಿಸು ಎಂದೇ ಅನ್ನುತ್ತಿದ್ದಳು. ಅದು ಗೊತ್ತಿದ್ದದ್ದರಿಂದ ನನ್ನ ಸಂಕಟವೇನೂ ಕಡಿಮೆಯಾಗಲಿಲ್ಲ. ಮೂರೂವರೆಗೆ ಹೋಗಿ ಸಹಿ ಹಾಕಿದೆ. ಅಧಿಕಾರಿ ಹಾಳೆಯನ್ನು ಎತ್ತಿಕೊಂಡು, ಸಹಕರಿಸಿದ್ದಕ್ಕೆ ಧನ್ಯವಾದಗಳು ಎಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಮೈಯೆಲ್ಲ ಹೇಸಿಗೆಯಾದಂತಿತ್ತು. ಮನೆಗೆ ಫೋನು ಮಾಡಿ ಎಲ್ಲ ಸರಿಹೋಯಿತು ಎಂದಷ್ಟೇ ಹೇಳಿದೆ.

ಪರೀಕ್ಷೆ ಪಾಸಾದೆ, ಓದು ಮುಗಿಯಿತು. ಈಗ ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಆಹಾರದ ಗುಣಮಟ್ಟ ನೋಡುವ ಕೆಲಸದಲ್ಲಿದ್ದೇನೆ. ಊರಿಗೆ ವಾಪಸಾದ ಮೂರನೆಯ ದಿನ ಮಧ್ಯಾಹ್ನ ಅಮ್ಮ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತ ಕೂತಿದ್ದಳು. ಅವ್ವ ಹೋದ ಮೇಲೆ ಆ ಕೆಲಸ ಅವಳ ಪಾಲಿಗೆ ಬಂದಿತ್ತು. ನಾನು ಪಕ್ಕದಲ್ಲಿ ಕೂತು ಕಡ್ಡಿ ಬಿಡಿಸಿ ಕೊಡುತ್ತಿದ್ದೆ.

"ಆ ಕಾಗ್ದ ಕಳ್ಸಿದ್ವಲ್ಲ ಮಗ, ನಡೀತಾ?" ಎಂದು ಕೇಳಿದಳು.

ಹೂಂ ಅಂದುಬಿಡಬಹುದಿತ್ತು. ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ.

"ಇಲ್ಲಮ್ಮ. ಅದು ನಡೀಲಿಲ್ಲ. ಆಮೇಲೆ ನಾನೇ ಒಂದು ಬರ್ಕೊಟ್ಟೆ."

"ಏನಂತ?"

"ಅವ್ವ ನನ್ನ ತಾಯಿ ಅಲ್ಲ ಅಂತ."

ಅಮ್ಮ ಸೊಪ್ಪು ಕತ್ತರಿಸುವುದನ್ನು ನಿಲ್ಲಿಸಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಲೆಕ್ಕ ಹಾಕುವವಳ ಹಾಗೆ ನೆಲ ನೋಡುತ್ತ ಕೂತಳು.

"ನಾನು ನಿನ್ ತಾಯಲ್ಲ ಅಂತ ಬರ್ಕೊಟ್ಟೆ. ನೀನು, ಅಕ್ಕನೂ ನಿನ್ ತಾಯಲ್ಲ ಅಂತ ಬರ್ಕೊಟ್ಟೆ. ಹಂಗಾರೆ ಅಲ್ಲಿರೋ ಕಾಗ್ದದಲ್ಲಿ ನಿಂಗೆ ಯಾರೂ ಇಲ್ವಲ್ಲ ಮಗ."

ಅಷ್ಟು ತಿಂಗಳಲ್ಲಿ ಆ ಮಾತು ನನಗೆ ಹೊಳೆದಿರಲೇ ಇಲ್ಲ. ನಾನು ಅಮ್ಮನ ಮಡಿಲಲ್ಲಿ ತಲೆಯಿಟ್ಟು ಜೋರಾಗಿ ಅತ್ತುಬಿಟ್ಟೆ. ನನಗೆ ಬುದ್ಧಿ ತಿಳಿದಾಗಿನಿಂದ ಆ ಮಡಿಲಲ್ಲಿ ಒಂದು ದಿನವೂ ತಲೆಯಿಟ್ಟವಳಲ್ಲ. ಬಿದ್ದರೂ, ಬೈಸಿಕೊಂಡರೂ, ಜ್ವರ ಬಂದರೂ ಗೋಡೆಯಾಚೆಗೆ, ಅವ್ವನ ಕೋಣೆಗೆ ಓಡುವುದೇ ನನ್ನ ರೂಢಿ. ಅಮ್ಮನಿಗೂ ನನ್ನನ್ನು ಸಮಾಧಾನ ಮಾಡಿ ಅಭ್ಯಾಸವಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು. ಆಮೇಲೆ ಸೊಪ್ಪಿನ ಹಾಲು ಮೆತ್ತಿದ ಕೈಯಲ್ಲೇ ನನ್ನ ತಲೆ ಸವರಿದಳು.